ಬೆರಳು ಬಾರದವರು

ತಿಂಗಳ ಎರಡನೇ ಬುಧವಾರ
ತಿತಿಮತಿಯಿಂದ ನಮ್ಮ ಜೀಪು ಹೊರಡುತ್ತದೆ.
ಹನ್ನೆರಡು ಮೂಟೆ ಅಕ್ಕಿ, ಮೂರು ಮೂಟೆ ರಾಗಿ,
ನನ್ನ ತಕ್ಕಡಿ, ಪ್ಲಾಸ್ಟಿಕ್ಕು ಹೊದಿಸಿದ ಹೆಬ್ಬೆಟ್ಟಿನ ಮಿಷನ್ನು.
ದಾರಿಯಲ್ಲಿ ಆನೆ ಲದ್ದಿ ಕಂಡರೆ ಉಮ್ಮರ್ ಬ್ರೇಕು ಹಾಕಿ
ಒಂದು ಬೀಡಿಯಷ್ಟು ಹೊತ್ತು ಕಾಯುತ್ತಾನೆ.
ಲದ್ದಿ ಹಬೆಯಾಡುತ್ತಿದ್ದರೆ ಎರಡು ಬೀಡಿ.

ಪುತ್ತರಿ ಕಳೆದು ಎರಡು ವಾರ.
ನಮ್ಮ ಬಾಗಿಲಿಗೆ ಕಟ್ಟಿದ ಕದಿರು ಇನ್ನೂ ಉದುರಿಲ್ಲ.
ಹಾಡಿಯಲ್ಲಿ ಇಪ್ಪತ್ತೆಂಟು ಮನೆ, ಇಪ್ಪತ್ತಾರು ಕಾರ್ಡು,
ಸಿಗ್ನಲ್ಲು ಒಂದೇ ಕಡೆ, ಹುತ್ತದ ಪಕ್ಕದ ಬಂಡೆಯ ಮೇಲೆ,
ಅದೂ ಮಿಷನ್ನನ್ನು ಮಗುವಿನಂತೆ ಎತ್ತಿ ಹಿಡಿದರೆ.

ಮಾಚಿ ಹೆಬ್ಬೆರಳು ಒತ್ತಿದಳು.
'ಮತ್ತೆ ಪ್ರಯತ್ನಿಸಿ' ಎಂದಿತು ಒಳಗಿನ ಹೆಣ್ಣುದನಿ.
ಸೀರೆಗೆ ಒರೆಸಿ ಒತ್ತಿದಳು. ತಲೆಗೂದಲಿಗೆ ತಿಕ್ಕಿ ಒತ್ತಿದಳು.
ನಲವತ್ತು ವರ್ಷ ಕಾಫಿ ಹಣ್ಣು ಕುಯ್ದ ಬೆರಳು.
ಅದರ ಗೆರೆಗಳನ್ನೆಲ್ಲ ಯಾರ್ಯಾರ ಕಣದಲ್ಲೋ
ಒಣಗಲು ಹರವಿ, ಮರೆತು ಬಂದಿದ್ದಾಳೆ.
'ನಾನು ನಾನಲ್ಲ ಅಂತದಾ ಅದು?' ಕೇಳಿದಳು.
ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯಬೇಕಿತ್ತು.

ಕಕ್ಕಡದ ಮಳೆಯಲ್ಲೂ ಹೀಗೇ ಆಗಿ ವಾಪಸು ಕಳಿಸಿದ್ದೆ.
ನಿಯಮ ಅಂದಿದ್ದೆ.
ಆ ರಾತ್ರಿ ನಮ್ಮ ಮನೆಯಲ್ಲಿ ಕಣಿಲೆ ಸಾರು, ಅಕ್ಕಿ ರೊಟ್ಟಿ.
ಎರಡು ಸಲ ಬಡಿಸಿಕೊಂಡೆ.
ಬಾಯಲ್ಲಿ ಹೇಳಲಾಗದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.
ಆಮೇಲಿನ ತಿಂಗಳುಗಳಲ್ಲಿ ಅದೇ ಮಿಷನ್ನು
ಕಾರಣವಿಲ್ಲದೆ ಅವಳನ್ನು ಒಪ್ಪಿಕೊಂಡಿತು.

'ಆ ಮಳೇಲಿ ಏನು ತಿಂದಿರಿ?'
'ಏಡಿ' ಎಂದಳು ಮೊಮ್ಮಗಳು.
'ಸುಳ್ಳು, ಎರಡೇ ಏಡಿ' ಎಂದ ಅವಳ ತಮ್ಮ.

ಅಣಬೆಗೆ, ಕಣಿಲೆಗೆ ಆನೆ ಕಂದಕ ದಾಟಬೇಕು.
ಕಂದಕದಾಚೆ ಗಾರ್ಡು. ಅವನ ಬಳಿಯೂ ಒಂದು ಪುಸ್ತಕ:
ಕತ್ತಿ ಎಷ್ಟು, ಕೋಲು ಎಷ್ಟು, ಯಾರ ಹೆಸರು.
ರಸ್ತೆ ಬದಿಯ ರೆಸಾರ್ಟಿನಲ್ಲಿ 'ಕಾಡಿನ ಊಟ'ಕ್ಕೆ
ತಟ್ಟೆಗೆ ಆರುನೂರ ಐವತ್ತಂತೆ.
ಉಮ್ಮರ್ ಇದನ್ನು ಹೇಳಿ ತಾನೊಬ್ಬನೇ ನಕ್ಕ,
ಮತ್ತೆ ಟೈರು ನೋಡುವ ನೆಪದಲ್ಲಿ ಎದ್ದುಹೋದ.

ಅಂಗನವಾಡಿ ಜಗಲಿಯಲ್ಲಿ ಅಂದು ಸಭೆಯೂ ಇತ್ತು.
ಹಕ್ಕಿನ ಅರ್ಜಿಗೆ ಕಾಡು ಕೊಡುವುದರ ಪಟ್ಟಿ ಬೇಕು.
ಪಿಯುಸಿ ಮುಟ್ಟಿದ ಜಯಂತಿ ಬರೆಯುತ್ತಿದ್ದಳು, ಮಾಚಿ ಹೇಳುತ್ತಿದ್ದಳು:
ನೂರೆ, ಹೆಗ್ಗೆಣಸು, ಬೆಣ್ಣೆಗೆಣಸು, ಕವಲೆ,
'ಇನ್ನೊಂದದೆ, ತುರಿಸ್ತದೆ, ಬೇಡ.
ಬ್ಯಾಡ ಬ್ಯಾಡ, ಬರಿ. ಏನೂ ಇಲ್ಲದ ವರ್ಷ ಅದೇ ಇದ್ದದ್ದು.'
ಫಾರಮ್ಮಿನಲ್ಲಿ ಐದೇ ಗೆರೆ.
ಜಯಂತಿ ಹಾಳೆ ಮಗುಚಿ ಹಿಂಬದಿಗೆ ಹೋದಳು.

'ಎಲ್ಲೆಲ್ಲಿ ಸಿಗ್ತದೆ ಹೇಳಜ್ಜಿ, ನಕ್ಷೆಗೆ ಬೇಕು.'
ಎಂಟು ಜಾಗ ಹೇಳಿದಳು.
ಒಂಬತ್ತನೆಯದಕ್ಕೆ ಬಾಯಿ ತೆರೆದವಳು
ಎಲೆಯಡಿಕೆ ಹಾಕಿಕೊಂಡಳು.

'ಅಗೆದ ಮೇಲೆ ಗೆಣಸಿನ ತಲೆ ಬಳ್ಳಿ ಸಮೇತ
ಮಣ್ಣಿಗೇ ಬಿಡಬೇಕು. ಇದನ್ನೂ ಬರಿ.'
'ಅದಕ್ಕೆ ಕಾಲಂ ಇಲ್ಲಜ್ಜಿ.'
'ಹಂಗಾರೆ ಅವರಿಗೆ ಗೊತ್ತಿಲ್ಲ ಅಂತ ಬರಿ.'

ನನ್ನ ರಿಜಿಸ್ಟರಿನ ಕೊನೆಯ ಪುಟದಲ್ಲಿ
'ಬೆರಳು ಬಾರದವರು' ಎಂಬ ಕಾಲಂ ಇದೆ.
ಕಕ್ಕಡದಲ್ಲೂ ಇತ್ತು.
ತುಂಬಿದರೆ ವಿರಾಜಪೇಟೆಗೆ ವಿವರಣೆ ಬರೆಯಬೇಕು,
ಕಾಗದ ಎರಡು ಪ್ರತಿ, ಸಾಹೇಬರ ಒಂದು ಗದರಿಕೆ.
ಅಷ್ಟೇ. ಅಷ್ಟಕ್ಕೆ.

ಹೆಸರು ಬರೆದೆ. ಮೂವತ್ತೈದು ಕೇಜಿ ತೂಗಿದೆ.
ಮುಳ್ಳು ನಿಂತ ಮೇಲೂ ಒಂದು ಹಿಡಿ ಹಾಕಿದೆ,
ಅವಳು ಅದನ್ನು ತೆಗೆದು ಮೂಟೆಗೆ ಹಾಕಿದಳು.
ಆಮೇಲೆ ಗುಡಿಸಲಿನಿಂದ ಒಂದು ನೂರೆ ತಂದು
ಖಾಲಿ ತಟ್ಟೆಯಲ್ಲಿಟ್ಟು, 'ತೂಗು' ಎಂದಳು.
ಎರಡು ಕೇಜಿ ಮುನ್ನೂರು.
'ಯಾವ ಲೆಕ್ಕಕ್ಕೆ ಬರೆಯಲಿ?'
ಉತ್ತರ ಕೊಡದೆ ಮೊಮ್ಮಗಳ ತಲೆ ಬಾಚತೊಡಗಿದಳು.

ಸಂಜೆ ಜೀಪಿನಲ್ಲಿ ಅದು ನನ್ನ ತೊಡೆಯ ಮೇಲಿತ್ತು,
ಪ್ಯಾಂಟಿಗೆಲ್ಲ ಕೆಮ್ಮಣ್ಣು.
ಒಂದು ತುದಿಯಲ್ಲಿ ಕೊಯ್ದ ಗುರುತು, ಬೆಳ್ಳಗೆ,
ಇನ್ನೂ ಜಿನುಗುತ್ತಿತ್ತು.
ತಲೆ ಇರಲಿಲ್ಲ.

ಚೆಕ್‌ಪೋಸ್ಟಿನಲ್ಲಿ ಗಾರ್ಡು ಟಾರ್ಚು ಬಿಟ್ಟು
ಏನದು ಎಂದ.
ರೇಷನ್ನು, ಎಂದೆ.