ಹನ್ನೊಂದನೇ ನಂಬರಿನ ಅಂಗಿ

ಮೀಟಿಂಗು ಖಡೇಬಜಾರದ ನನ್ನ ಅಂಗಡ್ಯಾಗನ ಆತು.
ಐದು ಮಂದಿ, ನಾಕು ಸ್ಟೂಲು.
ಸೆಕ್ರೆಟರಿ ಘೂಳಪ್ಪ ವಹಿ ತೆಗದ:
“ಬಲಗಡೆ ಇಲಿಯಾಸ. ಒಂಬತ್ತು ಗೋಲು.
ಎಡಗಡೆ ಭರಮಾ. ಒಂದು.
ಅದೂ ಮೊಣಕಾಲಿಗೆ ಬಡದು ತಾನ ಹೋದದ್ದು.”
ಎಲ್ಲಾರೂ ನಕ್ಕರು. ನಾನೂ ನಕ್ಕೆ,
ಬಾಯಾಗ ಗುಂಡುಪಿನ್ನಿದ್ದವು, ಅದಕ್ಕ ಸ್ವಲ್ಪ.

ವಾಸ್ಕೋದಾಗ ಒಬ್ಬ ಹುಡುಗ ಅದಾನಂತ.
ಮ್ಯಾಚಿಗೆ ಎರಡು ಸಾವಿರ,
ಬಸ್ ಚಾರ್ಜು ಬ್ಯಾರೆ, ಮೀನಿನ ಊಟ ಬ್ಯಾರೆ.
ಚೆಂಡು ಸಿಕ್ಕರ ಬಿಡಂಗಿಲ್ಲಂತ,
ಬೆಲ್ಲಕ್ಕ ಇರಿವಿ ಹತ್ತಿದಂಗ.
“ಒಂದ ರೆಕ್ಕಿಲೆ ಹಕ್ಕಿ ಹಾರತೈತೇನ್ರಿ?” ಅಂದ ಘೂಳಪ್ಪ.

ಮಾತು ಖರೆ.
ಆದ್ರ ಅಂವ ವಹಿ ಓದಾಂವ,
ನಾ ಅಂಗಿ ಓದಾಂವ.

ಹದಿನಾಲ್ಕು ವರ್ಷ ಆತು, ಮ್ಯಾಚ್ ಮುಗದ ಮರುದಿನ
ಒಗಿಯೂಕಿಂತ ಮೊದಲ ಗಂಟು ನನ್ನ ಕಡೆ ಬರತೈತಿ,
ಕೆಸರು, ಬೆವರು, ಹರಕು ಸಮೇತ.
ಏಳನೇ ನಂಬರು ಯಾವಾಗಲೂ ಬೆನ್ನಾಗ ಹರದಿರತೈತಿ.
ಇಲಿಯಾಸನ್ನ ಹಿಂದಿಂದ ಜಗ್ಗತಾರ,
ಜಗ್ಗೂ ಹಂಗ ಆಡತಾನ ಅವನೂ.
ಹನ್ನೊಂದಕ್ಕ ನಾ ಸೂಜಿ ಮುಟ್ಟಿಸಿದ್ದ ಕಡಿಮಿ.
ಚೆಂಡ ಬರದಾಂವನ್ನ ಯಾರ ಹಿಡದಾರು?
ಆದ್ರ ಉಪ್ಪು ನೋಡಬೇಕ್ರಿ.
ಕಂಕಳದಿಂದ ನಡದ ತನಕ ಬೆಳ್ಳನ್ನ ಗೆರಿ,
ಗೆರಿ ಮ್ಯಾಲ ಗೆರಿ,
ಬರೇ ಓಡಿ, ತಿರಗಿ ಬಂದು, ಮತ್ತ ಓಡಿ ಒಣಗಿದ್ದು.

ಆಗಸ್ಟದಾಗ ಕ್ಯಾಂಪಿನವರ ಜೋಡಿ ಆಡಿದಾಗ
ಭರಮಾ ಇರಲಿಲ್ಲ. ಉದ್ಯಮಬಾಗದ ಫೌಂಡ್ರಿಯಾಗ
ಕಾದ ಉಸುಕು ಸಿಡದು ಪಾದ ಸುಟ್ಟಿತ್ತು.
ಅವತ್ತ ಏಳನೇ ನಂಬರು ಮೂರ ಕಡೆ ಹರಕೊಂಡ ಬಂತು:
ಬೆನ್ನು, ತೋಳು,
ಮತ್ತ ಎಂದೂ ಹರೀದ ಎಡಗಡೆ ಬಗಲು.
ಯಾರ ಕೈ ಅದು?
ದಾರ ಪೋಣಿಸಕೋತ ವಿಚಾರ ಮಾಡಿದೆ.
ಪ್ರತಿ ಸಲ ಭರಮಾನ ಬೆನ್ನ ಹತ್ತಿ
ದಣಿಯೂ ಮನಶ್ಯಾ,
ಅವತ್ತ ಬೆನ್ನ ಹತ್ತಾಕ ಯಾರೂ ಇಲ್ಲದ ಈ ಕಡೆ ಬಂದಿದ್ದ.

ಇಷ್ಟು ಹೇಳಬೇಕಂತ ಬಾಯಿ ತೆಗದೆ.
ಪಿನ್ನು ಬಿದ್ದುವು. ಆರಸೂದ್ರಾಗ ಚಾ ಬಂತು.
ಘೂಳಪ್ಪ ಫೋನಿನ್ಯಾಗ ವಾಸ್ಕೋದವನ ಜೋಡಿ
ಹರಕು ಮುರುಕು ಕೊಂಕಣಿ ಆಡಾಕತ್ತಿದ್ದ.

ಸುಳ್ಳ ಯಾಕ ಹೇಳ್ಲಿ,
ಭರಮಾಗ ಗೋಲ ಹೊಡಿಯಾಕ ಬರಂಗಿಲ್ಲ.
ಬಲೆ ಮುಂದ ನಿಂತ್ರ
ಮದವಿ ಮನಿಯಾಗ ಪರಿಚಯ ಇಲ್ಲದವರ ಹಂಗ ನಿಂದರತಾನ.

“ಪಿಸೆ ಮಾಮಾ, ಹೊಸ ಹುಡುಗಗ ಒಂದು ಹನ್ನೊಂದು ಹೊಲೀರಿ.
ಎದಿ ಮೂವತ್ತೆಂಟು.”
ಭರಮಾಂದೂ ಮೂವತ್ತೆಂಟ.
“ಹೊಸಾದ್ಯಾಕ?” ಅಂದೆ, ಗಂಟಿನ್ಯಾಗಿಂದ ಹಳೇದ ತೆಗದು
ಅವನ ತೊಡಿ ಮ್ಯಾಲ ಹಾಸಿದೆ.

ಘೂಳಪ್ಪ ಚಸ್ಮಾ ಏರಿಸಿ ನೋಡಿದ.
“ಇದೇನ ಮಾಮಾ, ಅಂಗೀ ತುಂಬ ನಿಮ್ಮ ಖಡು ಹತ್ತೈತಿ,”
ಅನಕೋತ ಹೆಬ್ಬೆರಳಿಲೆ ತಿಕ್ಕಿದ.
ನಾ ಏನೂ ಅನಲಿಲ್ಲ.
ಚಾ ಆರಿತ್ತು.
ಅಂವ ಇನ್ನೂ ತಿಕ್ಕಾಕತ್ತಿದ್ದ.