ಹನ್ನೊಂದು ಬಿಲ್ಲೆ

ತಾಲಿನ್ ಬಂದರಿನ ಹೋಟೆಲು, ಮೂರನೇ ಮಹಡಿ.
ಇನ್ನು ನಾಲ್ಕು ನಿಮಿಷಕ್ಕೆ ಬ್ಲೈಂಡು ಏರುತ್ತದೆ.
ಉರ್ವೆಯ ಮುಂದೆ ಹನ್ನೊಂದು ಬಿಲ್ಲೆ;
ಒಂದು ಸುತ್ತು ಸುಮ್ಮನೆ ಕೂತರೆ ಒಂಬತ್ತೂ ಉಳಿಯುವುದಿಲ್ಲ.

ಮೂವತ್ತೊಂದು ವರ್ಷ ಟ್ರಾಮು ಓಡಿಸಿದವಳು.
ಹಳಿಯ ಮೇಲೆ ಹಿಮ ಕೂತ ದಿನ
ಅಡ್ಡ ಬಂದವನು ಕಂಡಮೇಲೆ ಒತ್ತಿದ ಬ್ರೇಕು
ಬರೀ ಸದ್ದು ಮಾಡುತ್ತದೆ.

ಜೋಡಿ ಎಕ್ಕ ಬರಲಿ ಅಂತ ಕಾದವರನ್ನು ನೋಡಿದ್ದಾಳೆ.
ಪಕ್ಕದ ತೊಯ್ವೊ ಈಗಷ್ಟೇ ಎದ್ದು ಹೋದ.
ಬಂತು ಕೊನೆಗೂ ಎಕ್ಕ, ಮೂರೇ ಬಿಲ್ಲೆ ಉಳಿದಾಗ.
ಹೆದರುವುದಕ್ಕೆ ಯಾರಿಗೆ ಪುರುಸೊತ್ತು?
ನಾಲ್ವರು ಎದುರು ಬಂದರು,
ಏಳು-ನಾಲ್ಕು ಹಿಡಿದವನು ಗೆದ್ದ.
ತೊಯ್ವೊನ ಕೋಟು ಇನ್ನೂ ಕುರ್ಚಿಯ ಮೇಲಿದೆ.

ಈಗ ಎಲ್ಲರೂ ಎಲೆ ಚೆಲ್ಲಿದರು. ಸರದಿ ಅವಳದು.
ಅವಳ ನಂತರ ಇಬ್ಬರೇ:
ಫೋನಿನಿಂದ ತಲೆ ಎತ್ತದ ಕಾಸ್ಪರ್,
ಆಮೇಲೆ ಹೆಲ್ಸಿಂಕಿಯಿಂದ ಹಡಗಿನಲ್ಲಿ ಬಂದ ದಂತವೈದ್ಯೆ,
ಬಿಲ್ಲೆಗಳನ್ನು ಹಲ್ಲುಸಾಲಿನ ಹಾಗೆ ಜೋಡಿಸಿಕೊಂಡವಳು.

ಕೈಯಲ್ಲಿ ಕಳಾವರ್ ರಾಜ, ಕಳಾವರ್ ಒಂಬತ್ತು.
ಮದುವೆಗೆ ಉಟ್ಟು ಹೋಗುವಂಥದ್ದಲ್ಲ,
ದಿನಸಿ ತರಲು ಸಾಕು.

ಹನ್ನೊಂದಕ್ಕೆ ಇನ್ನೂ ಕಚ್ಚುವ ಹಲ್ಲಿದೆ.
ಎಂಟಕ್ಕೆ ಬೊಗಳು.
ಮೂರಾದರೆ ಬಾಲ ಆಡಿಸಬೇಕು.

ಎರಡೂ ಅಂಗೈ ಸೇರಿಸಿ ತಳ್ಳುತ್ತಾಳೆ.
ಆಲ್ ಇನ್, ಅನ್ನುತ್ತಾಳೆ,
ಮುಂದಿನ ನಿಲ್ದಾಣದ ಹೆಸರು ಹೇಳುವ ದನಿಯಲ್ಲಿ.

ಹುಡುಗ ನೋಡದೆಯೇ ಎಲೆ ಎಸೆದ.
ದಂತವೈದ್ಯೆ ತನ್ನವನ್ನು
ಇನ್ನೊಮ್ಮೆ ಅಂಚೆತ್ತಿ ನೋಡುತ್ತಿದ್ದಾಳೆ.
ಕೆಳಗೆ ತಿರುವಿನಲ್ಲಿ ಟ್ರಾಮೊಂದು ಗಂಟೆ ಬಾರಿಸಿತು.
ಮೇಜಿನಡಿ ಉರ್ವೆಯ ಬಲಗಾಲು
ತಾನಾಗಿ ಒತ್ತಿತು,
ಅಲ್ಲಿ ಏನೂ ಇರಲಿಲ್ಲ.