ನೂಕಿಯೆ

ಬೈಕಂಪಾಡಿಯ ಗೇರುಬೀಜದ ಕಾರ್ಖಾನೆ.
ಲೆಕ್ಕದ ಮೇಜಿನವಳು ನಾನು. ವಿಚಾರಣೆಗೆ ನನ್ನನ್ನೇ ಕೂರಿಸಿದ್ದಾರೆ,
ತುಳು ಬರುತ್ತದಲ್ಲ ಅಂತ.

ಮೊದಲೇ ಬರೆದುಬಿಡುತ್ತೇನೆ:
ಮೇಸ್ತ್ರಿ ದೇಜಪ್ಪನ ಮನೆಯ ಪತ್ರೊಡೆ
ಮೂರು ಆಟಿ ತಿಂದಿದ್ದೇನೆ.
ಮ್ಯಾನೇಜರರು ನಕ್ಕರು, "ಇದನ್ನೂ ಬರೆಯಬೇಕಾ?"
ಬರೆಯಬೇಕು. ಕೆಸುವಿನ ತುರಿಕೆ
ನಾಲಗೆ ಬಿಟ್ಟು ಬೇಗ ಹೋಗುವುದಿಲ್ಲ.

ಕಡತದಲ್ಲಿ ಇರುವುದು ಒಂದೇ ಹಾಳೆ.
ದಾವಣಗೆರೆಯಿಂದ ಬಂದ ಹೊಸ ಆಫೀಸರರ ದುಂಡನೆ ಅಕ್ಷರ:
"ತೂಕದ ಜಗಳದಲ್ಲಿ ನಾನು ನೂಕಿದೆ."
ಕೆಳಗೆ ವಾರಿಜಳ ಹೆಬ್ಬೆಟ್ಟು, ಬರೀ ನೀಲಿ ಮಚ್ಚೆ;
ಗೇರೆಣ್ಣೆ ಆ ಬೆರಳ ಗೆರೆಗಳನ್ನು
ಎಂದೋ ತಿಂದು ಮುಗಿಸಿದೆ.

ಅವಳು ಅಂದದ್ದು ಒಂದೇ ಪದವಂತೆ: ನೂಕಿಯೆ.
ಕೊನೆಗೆ ಬಾಯಿ ತುಸು ಅಗಲವಾದರೆ, ನಾನು ನೂಕಿದೆ.
ತುಸು ಕಿರಿದಾದರೆ, ಅವನು ನೂಕಿದ.
ಬೀಜದ ಒಳಸಿಪ್ಪೆಯಷ್ಟು ಅಂತರ.
ಕನ್ನಡದ ಎತ್ವಕ್ಕೆ ಎರಡೂ ಒಂದೇ.
ಆಫೀಸರರ ಕಿವಿಯ ತಪ್ಪಲ್ಲ ಅದು.
ಇನ್ನೊಮ್ಮೆ ಕೇಳಬಹುದಿತ್ತು, ಅಷ್ಟೆ.

ಫ್ಯಾನು ನಿಲ್ಲಿಸಿ ಇನ್ನೊಮ್ಮೆ ಕೇಳಿದೆ.
ಕಿರಿದಾಗಿಯೇ ಅಂದಳು.
ಆದರೆ ಇದು ಹನ್ನೊಂದು ದಿನ ಸಂಬಳವಿಲ್ಲದೆ
ಮನೆಯಲ್ಲಿ ಕೂತ ಬಾಯಿ.
ದೇಜಪ್ಪನೂ ಕೂತ, ಟೋಪಿ ಮಡಿಲಲ್ಲಿಟ್ಟು;
"ಅವಳೇ" ಎಂದ. ನನ್ನನ್ನು ಅಕ್ಕ ಎನ್ನಲಿಲ್ಲ, ಮೊದಲ ಸಲ.

ಜಾರ್ಖಂಡದ ಸುಖಮತಿ ಬಾಯ್ಲರಿನ ಹತ್ತಿರ ಇದ್ದವಳು.
ಟ್ರೇ ಓರೆಯಾಯಿತು, ಬೀಜ ಚೆಲ್ಲಿತು, ಆಮೇಲೆ ಹಬೆ.
ಯಾರು ಎಂದರೆ, ಹಬೆ.
ಮೂರು ಸಲ ಕೇಳಿದರೂ ಹಬೆ.
ಕಾಣದ್ದನ್ನು ಕಾಣಲಿಲ್ಲ ಎಂದವಳು
ಇಡೀ ಶೆಡ್ಡಿನಲ್ಲಿ ಅವಳೊಬ್ಬಳೇ.

ಸಂಜೆ, ಎಲ್ಲ ಹೋದ ಮೇಲೆ,
ಐದು ಕಿಲೋದ ಬಟ್ಟು ತಂದು ಆ ತಕ್ಕಡಿಯ ಮೇಲಿಟ್ಟೆ.
ಕೆಂಪು ಅಂಕಿ ಸ್ವಲ್ಪ ನಡುಗಿ ನಿಂತಿತು:
ನಾಲ್ಕು ಕಿಲೋ ಎಂಟುನೂರ ನಲವತ್ತು.
ಇದನ್ನು ನನ್ನಲ್ಲಿ ಯಾರೂ ಕೇಳಿರಲಿಲ್ಲ.

ಬರೆದೆ: ಯಾರು ನೂಕಿದರೆಂದು ತಿಳಿಯಲಾಗಲಿಲ್ಲ.
ಬರೆದೆ: ಹಳೆಯ ಹಾಳೆ ನಿಲ್ಲುವುದಿಲ್ಲ, ವಾರಿಜ ನಾಳೆಯೇ ಕೆಲಸಕ್ಕೆ ಬರಲಿ.
ತಕ್ಕಡಿಗೆ ಒಂದು ಇಡೀ ಪುಟ.
ಇಬ್ಬರಿಗೂ ಓದಿ ಹೇಳಿದೆ, ಅವರವರ ಭಾಷೆಯಲ್ಲಿ, ನಿಧಾನ.
ಇಬ್ಬರಿಗೂ ಸಮಾಧಾನವಾಗಲಿಲ್ಲ.

ಕೂಳೂರು ಸೇತುವೆಯ ಮೇಲೆ ಬಸ್ಸು ನಿಂತಿದೆ.
ಕಿಟಕಿಗೆ ಮುಖ ಕೊಟ್ಟು
ನೂಕಿಯೆ, ಅನ್ನುತ್ತೇನೆ. ನೂಕಿಯೆ.
ಪಕ್ಕದ ಮಗು ನನ್ನ ತುಟಿಯನ್ನೇ ನೋಡುತ್ತಿದೆ.